ಬಸಳೆ ಹಣ್ಣಿನ ಬಣ್ಣದ ನೀರು

ನನ್ನ ತಂಗಿ ತೀರಿಕೊಂಡು ಹದಿನಾಲ್ಕು ವರ್ಷವಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಅವಳು ಮಿಂದ ನೀರು ನಮ್ಮ ಹೊಸ ಸೈಟಿನ ಗುಂಡಿಯಲ್ಲಿ ಮೊಳದುದ್ದ ನಿಂತಿತ್ತು. ಗುಂಡಿಯ ಅಂಚಿನಲ್ಲಿ ನಿಂತಿದ್ದವಳು ಅಲ್ಲೇ ಕೂತೆ. ಸೀರೆಯ ನೆರಿಗೆ ಕೆಸರಾದದ್ದು ಗೊತ್ತಾದದ್ದು ಎಷ್ಟೋ ಹೊತ್ತಿನ ಮೇಲೆ. ಬಸಳೆ ಹಣ್ಣನ್ನು ಬೆರಳಲ್ಲಿ ಹಿಸುಕಿದರೆ ಬರುತ್ತದಲ್ಲ, ಆ ಬಣ್ಣ. ಕೆಂಪೂ ಅಲ್ಲ, ನೇರಳೆಯೂ ಅಲ್ಲ. ಊರಿನಲ್ಲಿ ಆ ಬಣ್ಣ ಇದ್ದದ್ದು ಒಬ್ಬಳಿಗೇ. ಅವಳ ಹೆಸರು ಕುಮುದ. ಅವಳ ಹೆಸರಿನಲ್ಲಿ ವರ್ಷ ವರ್ಷವೂ ಎಡೆ ಇಡುತ್ತಿದ್ದವಳು ನಾನು.

ನಮ್ಮೂರಿನಲ್ಲಿ ಮೈಗೆ ತಾಗಿದ ನೀರು ಅವರವರ ಬಣ್ಣಕ್ಕೆ ತಿರುಗುತ್ತದೆ. ನನ್ನದು ಮೆಂತ್ಯ ನೆನೆಸಿಟ್ಟ ನೀರಿನ ಹಾಗೆ ತೆಳು ಹಳದಿ. ನನ್ನ ಗಂಡ ಶಂಭುಲಿಂಗಪ್ಪನವರದು ಹೆಸರುಕಾಳು ತೊಳೆದಂತೆ ಹಸಿರು. ಒಬ್ಬರ ಬಣ್ಣ ಇನ್ನೊಬ್ಬರಿಗೆ ಬರುವುದಿಲ್ಲ. ಕೂಸು ಹುಟ್ಟಿ ಮೊದಲ ಸ್ನಾನವಾಗುವಾಗ ನೀರಿನ ಕಚೇರಿಯವರು ಬಿಳಿ ಪಿಂಗಾಣಿ ಬಟ್ಟಲು ಹಿಡಿದು ಬರುತ್ತಾರೆ, ನೋಡಿ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾರೆ. ಸತ್ತಾಗ ಇನ್ನೊಮ್ಮೆ ಬಂದು ಆ ಸಾಲನ್ನು ಹೊಡೆದುಹಾಕುತ್ತಾರೆ. ಹೀಗಿರುವಾಗ ಯಾರ ಮನೆಯ ಬಚ್ಚಲ ನೀರೂ ಅವರ ಗಡಿ ದಾಟುವಂತಿಲ್ಲ. ದಾಟಿದರೆ ಯಾರು ಬಂದರು, ಯಾರು ಉಳಿದರು, ಯಾರು ಊರಲ್ಲಿಲ್ಲ ಎಂಬುದೆಲ್ಲ ಚರಂಡಿಯಲ್ಲಿ ಹರಿಯುತ್ತದೆ. ಅದಕ್ಕೇ ಹೆಣ್ಣು ಕೇಳಲು ಬಂದವರು ಮೊದಲು ಹಿತ್ತಲಿಗೆ ಹೋಗಿ ತೊಟ್ಟಿಗೆ ಎಷ್ಟು ಖಾನೆ ಎಂದು ನೋಡಿಕೊಂಡು ಆಮೇಲೆ ಚಾಪೆಯ ಮೇಲೆ ಕೂರುತ್ತಾರೆ. ಕುಡಿಯುವ ನೀರಿಗೂ ಮರಳು, ಇದ್ದಿಲು ಇಲ್ಲದೆ ಆಗುವುದಿಲ್ಲ. ಇನ್ನೊಬ್ಬರ ಬಣ್ಣ ಹೊಟ್ಟೆಗೆ ಹೋಗಬಾರದು.

ಹಳೆಯ ಮನೆ ಗಂಡನಿಗೂ ಅವರ ಅಣ್ಣ ವಿರೂಪಾಕ್ಷಪ್ಪನಿಗೂ ಸೇರಿದ್ದು. ತೊಟ್ಟಿ ಹಳೆಯದಾಗಿ ಗೋಡೆ ಕುಸಿಯುತ್ತಿತ್ತು. ಊರಿನ ಮೇಲ್ಭಾಗದ ಇಳಿಜಾರಿನಲ್ಲಿ ಒಂದು ಸೈಟು ಸಿಕ್ಕಿತೆಂದು ನಾವು ಅಲ್ಲಿ ಚಿಕ್ಕದೊಂದು ಮನೆ ಕಟ್ಟಲು ಹೊರಟೆವು. ಭಾವನವರಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವರಿಗೆ ಹಿಂದಿನ ಕೋಣೆ ಎಂದು ಗಂಡ ನಕ್ಷೆಯಲ್ಲಿ ಬರೆದಿದ್ದರು. ಗಂಡ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು, ಯಾವುದನ್ನೂ ಚೌಕದ ಹಾಳೆಯ ಮೇಲೆ ಬರೆಯದೆ ಬಿಡುವವರಲ್ಲ. ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಎಂಬುದು ಒಂದೇ ಸಂಜೆಗೆ ಮುಗಿಯಿತು. ನೀರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಎರಡು ತಿಂಗಳು ಹಿಡಿಯಿತು. ಪ್ರತಿ ಭಾನುವಾರ ನಾವಿಬ್ಬರೂ ಯಾರದಾದರೂ ಹಿತ್ತಲು ನೋಡಲು ಹೋಗುತ್ತಿದ್ದೆವು. ಒಬ್ಬರು ಇಂಗುಗುಂಡಿ ಸಾಕು ಎನ್ನುವರು. ಇನ್ನೊಬ್ಬರು ಮೂರು ಖಾನೆಯ ತೊಟ್ಟಿಯನ್ನು ಮುಚ್ಚಳ ತೆಗೆಸಿ ತೋರಿಸುವರು, ಮೊದಲನೆಯದರಲ್ಲಿ ಗಸಿ, ಎರಡನೆಯದರಲ್ಲಿ ಜಲ್ಲಿ, ಮೂರನೆಯದರಲ್ಲಿ ಇದ್ದಿಲು. ಮತ್ತೊಬ್ಬರು ಬಾಳೆ, ಕೆಸು, ಆಪು ಹುಲ್ಲು ನೆಟ್ಟ ಪಾತಿಗೆ ನೀರು ಬಿಟ್ಟು, ಕೊನೆಯಲ್ಲಿ ಬಂದ ನೀರನ್ನು ಲೋಟದಲ್ಲಿ ಹಿಡಿದು, ನೋಡಿ, ನನ್ನ ಹೆಂಡತಿಯ ಬಣ್ಣ ಎಲ್ಲಾದರೂ ಕಾಣುತ್ತಾ ಎಂದು ಕೇಳುವರು.

ಕೊನೆಗೆ ಎಲ್ಲರೂ ಹೇಳಿದ್ದು ಒಂದೇ ಹೆಸರು, ಹಾಲಮ್ಮ. ಊರಿನ ಅರ್ಧ ಮನೆಗಳ ತೊಟ್ಟಿ ಅವಳ ಕೈಯದು. ನಮ್ಮ ಹಳೆಯ ಮನೆಯ ಕುಡಿಯುವ ನೀರಿನ ಮಡಕೆಗೂ ಇದ್ದಿಲು ಅವಳ ಭಟ್ಟಿಯಿಂದಲೇ ಬರುತ್ತಿತ್ತು. ಅವಳ ಮನೆ ನಮ್ಮ ಸೈಟಿನ ಮೇಲುಗಡೆಗೇ, ಎತ್ತರದ ಕಾಂಪೌಂಡಿನೊಳಗೆ. ಒಂಟಿ ಹೆಂಗಸು ಎಂದು ಊರು ತಿಳಿದಿತ್ತು. ಅರವತ್ತು ದಾಟಿದವಳು, ನಡಿಗೆಯಲ್ಲಿ ಮಾತ್ರ ವಯಸ್ಸು ಕಾಣುತ್ತಿರಲಿಲ್ಲ. ಸೈಟಿಗೆ ಬಂದು ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು.

"ಮಂಗಳವ್ವ, ಇದು ಜೇಡಿ. ಇಲ್ಲಿ ಇಂಗುಗುಂಡಿ ಆಗಂಗಿಲ್ಲ. ಮೂರು ಖಾನೆ ತೊಟ್ಟಿ ಮಾಡಿ, ಕೆಳಗೆ ಕೆಸದ ಪಾತಿ ಮಾಡಿ. ಆದ್ರೆ ಎಲ್ಲಕಿಂತ ಮೊದಲು ಮ್ಯಾಲಿನ ಅಂಚಿಗೆ ಉದ್ದಕ ಒಂದು ಕಾಲುವೆ ತೋಡಿ ಇದ್ದಿಲು ತುಂಬಬೇಕು. ಅದನ್ನ ನಾನೇ ತುಂಬಿ ಕೊಡ್ತೀನಿ, ನೀವೇನೂ ಕೊಡಂಗಿಲ್ಲ. ಅದು ಆಗೋತನಕ ಯಾವ ಗುಂಡೀನೂ ತೋಡಬ್ಯಾಡ್ರಿ."

"ನಿಮ್ಮ ಕಡೆಯಿಂದ ನೀರು ಇಳೀತದೇನು?" ಎಂದು ಗಂಡ ಕೇಳಿದರು.

"ಇಳಿಜಾರು ಅಂದಮ್ಯಾಲೆ ಮಳೆನೀರು ಇಳಿಯಲ್ವಾ ಮೇಷ್ಟ್ರೆ" ಎಂದಳು ಹಾಲಮ್ಮ. ನಮ್ಮ ಮುಖ ನೋಡದೆ ಸೆರಗಿಗೆ ಕೈ ಒರೆಸಿಕೊಂಡಳು.

ನನಗೆ ಖುಷಿಯೇ ಆಯಿತು. ಬಿಟ್ಟಿ ಬರುವ ಇದ್ದಿಲನ್ನು ಯಾಕೆ ಬೇಡವೆನ್ನಬೇಕು. ಆದರೆ ಗಂಡನಿಗೆ ಜೇಡಿ ಎಂದರೆ ಎಷ್ಟು ಜೇಡಿ ಎಂಬ ಪ್ರಶ್ನೆ. ಭಾನುವಾರ ಈರಣ್ಣ ಎಂಬ ಆಳನ್ನು ಕರೆಸಿ ಸೊಂಟದುದ್ದ ಗುಂಡಿ ತೋಡಿಸಿದರು. ಹತ್ತು ಕೊಡ ನೀರು ಹೊಯ್ದು, ಬೆಳಗಾಗುವುದರೊಳಗೆ ಎಷ್ಟು ಇಂಗುತ್ತದೆಂದು ಅಳೆಯಬೇಕೆಂದು ಒಂದು ಕೋಲಿಗೆ ಗೆರೆ ಕೊರೆದು ನಿಲ್ಲಿಸಿದರು. ಬೆಳಿಗ್ಗೆ ಅವರಿಗೆ ಶಾಲೆ. ಕೋಲು ನೋಡಲು ಬಂದವಳು ನಾನು.

ನೀರು ಇಳಿದಿರಲಿಲ್ಲ, ಎರಡು ಗೆರೆ ಏರಿತ್ತು. ಮೇಲಿನ ಬದಿಯ ಜೇಡಿಯಲ್ಲಿ ಒಂದು ಸಣ್ಣ ಬಿರುಕು. ಅದರಿಂದ ಆ ಬಣ್ಣ ಜಿನುಗಿ ಜಿನುಗಿ ಬರುತ್ತಿತ್ತು.

ಮೊದಲು ಬಂದ ಯೋಚನೆ, ಇದು ಹಳೆಯದು, ಮಣ್ಣಿನೊಳಗೆ ಎಲ್ಲೋ ಉಳಿದದ್ದು ಎಂದು. ಆದರೆ ಹಳೆಯ ಬಣ್ಣಕ್ಕೆ ವಾಸನೆ ಇರುವುದಿಲ್ಲ. ನಾನು ಬಗ್ಗಿ ಕೈಯಲ್ಲಿ ಮೊಗೆದು ಮೂಸಿದೆ. ಸೀಗೆಕಾಯಿಯ ವಾಸನೆ. ಯಾರೋ ನಿನ್ನೆಯೋ ಮೊನ್ನೆಯೋ ತಲೆಗೆ ಹಾಕಿಕೊಂಡಿದ್ದರು. ಬೆರಳ ಸಂದಿಯಿಂದ ಅದು ಸೋರಿಹೋಗುತ್ತಿದ್ದಾಗ ನನ್ನ ಬಾಯಿಂದ ಒಂದು ಶಬ್ದ ಬಂತು, ಅದು ಅಳುವೂ ಅಲ್ಲ. ಈರಣ್ಣ ಬೇಲಿಯ ಹತ್ತಿರ ಬರುತ್ತಿರುವುದು ಕಂಡಾಗ ಮಾತ್ರ ಎದ್ದು, ಮೈಮೇಲೆ ಬಂದವಳಂತೆ ಎರಡೂ ಕೈಯಲ್ಲಿ ಮಣ್ಣು ಎಳೆದು ಎಳೆದು ಹಾಕಿದೆ. "ಗುಂಡಿ ಕುಸೀತು ಈರಣ್ಣ, ಇವತ್ತು ಕೆಲಸ ಇಲ್ಲ, ಹೋಗು" ಎಂದೆ. ಅವನು ನನ್ನ ಕೈ ನೋಡಿದ, ಮುಖ ನೋಡಿದ, ಹೋದ.

ಕುಮುದ ಹೋದದ್ದು ಹೊಳೆಯಲ್ಲಿ. ಅವಳಿಗಾಗ ಇಪ್ಪತ್ತೆರಡು. ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಇತ್ತು, ತಾಮ್ರದ ಬಿಂದಿಗೆ ಇತ್ತು. ಮೆಟ್ಟಿಲಿಂದ ಶುರುವಾಗಿ ಹೊಳೆಯ ಮಧ್ಯದವರೆಗೆ ಬಸಳೆ ಹಣ್ಣಿನ ಬಣ್ಣ ಎಳೆ ಎಳೆಯಾಗಿ ಹರಿದುಹೋಗುತ್ತಿದ್ದುದನ್ನು ಊರೇ ನಿಂತು ನೋಡಿತ್ತು. ಅಷ್ಟು ಬಣ್ಣ ಹೋದ ಮೇಲೆ ಮೈ ಸಿಗಲೇಬೇಕೆಂದು ಯಾರೂ ಕಾಯಲಿಲ್ಲ. ನೀರಿನ ಕಚೇರಿಯ ಪರಶುರಾಮಪ್ಪ ಅಲ್ಲೇ ದಂಡೆಯ ಮೇಲೆ ಬಟ್ಟಲಿನಲ್ಲಿ ಮೊಗೆದು ನೋಡಿ ಪುಸ್ತಕದಲ್ಲಿ ಅವಳ ಸಾಲು ಹೊಡೆದರು. ಅವ್ವ ಎದೆ ಬಡಿದುಕೊಂಡು ನೀರಿಗೆ ಇಳಿಯಹೋದಳು. ಅವಳ ಸೊಂಟ ಹಿಡಿದು ನಿಲ್ಲಿಸಿದವಳು ನಾನು. ಅವ್ವ ಆಮೇಲೆ ಎಂಟು ವರ್ಷ ಇದ್ದಳು. ಒಂದು ದಿನವೂ ಅವಳು ಕುಮುದಳ ಹೆಸರೆತ್ತಲಿಲ್ಲ. ದುಃಖ ಎಂದುಕೊಂಡಿದ್ದೆ.

ನಾನು ಹಾಲಮ್ಮನ ಬಾಗಿಲು ಬಡಿದಾಗ ಕೈಯ ಮಣ್ಣು ಒಣಗಿರಲಿಲ್ಲ. ಅವಳು ಬಾಗಿಲನ್ನು ಅರ್ಧವೇ ತೆಗೆದಳು. ನನ್ನ ಬೆರಳಿಗೆ ಅಂಟಿದ್ದ ಬಣ್ಣವನ್ನು ನೋಡಿದಳು.

"ಗುಂಡಿ ತೋಡಬ್ಯಾಡ್ರಿ ಅಂದಿದ್ದೆ" ಎಂದಳು.

"ಇದು ಯಾರ ನೀರು ಹಾಲಮ್ಮ?"

"ಎಷ್ಟೋ ಮನೀದು ಸೇರ್ತೈತೆ. ಒಂದಕ್ಕೊಂದು ಬೆರೆತು ಹಂಗೆ ಕಾಣ್ತೈತೆ."

"ನಾನು ಆ ಕೂಸಿಗೆ ಎರೆದು ಬೆಳೆಸಿದವಳು. ನನಗೆ ಹೇಳಬ್ಯಾಡ."

ಒಳಗಿಂದ ಒಂದು ದನಿ ಬಂತು. "ಬಿಡು ಅತ್ತೆ, ಒಳಗೆ ಬರಲಿ."

ಹಿತ್ತಲಿನಲ್ಲಿ ಇದ್ದಿಲಿನ ರಾಶಿ. ಅದರ ಪಕ್ಕದಲ್ಲಿ ಜರಡಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು, ಮೊಣಕೈವರೆಗೂ ಕಪ್ಪು, ಹಣೆಯ ಮೇಲೂ ಕಪ್ಪು. ಕೂದಲಲ್ಲಿ ಅಲ್ಲಲ್ಲಿ ಬಿಳಿ. ನಾನು ಅವಳ ಮುಖದಲ್ಲಿ ಇಪ್ಪತ್ತೆರಡು ವರ್ಷದವಳನ್ನು ಹುಡುಕುತ್ತಿದ್ದೆ, ಅವಳು ಸಿಗಲಿಲ್ಲ. ಕಂಡದ್ದು ಅವ್ವ. ಅವ್ವನದೇ ಗದ್ದ, ಅವ್ವ ಸಿಟ್ಟು ಬಂದಾಗ ಮಾಡುತ್ತಿದ್ದಂತೆ ಒಂದು ಹುಬ್ಬು ಮಾತ್ರ ಮೇಲೆ. ನಾನು ಮುಟ್ಟಲು ಹೋದೆ. ಅವಳು ಜರಡಿಯನ್ನು ನಮ್ಮಿಬ್ಬರ ನಡುವೆ ಹಿಡಿದುಕೊಂಡೇ ಇದ್ದಳು.

"ಬದುಕಿದೀಯಾ" ಎಂದೆ. ಅಷ್ಟು ಹೊತ್ತು ಕೂಡಿಟ್ಟುಕೊಂಡು ಬಂದ ಮಾತು ಅದೊಂದೇ.

"ಕೆಲಸ ಮಾಡ್ತಿದೀನಿ" ಎಂದಳು. "ಹತ್ತು ವರ್ಷದಿಂದ ಈ ಊರಿನ ತೊಟ್ಟಿಗೆಲ್ಲ ಖಾನೆ ಹೇಳೋಳು ನಾನು. ಹಾಲಮ್ಮತ್ತೆ ಅಳತೆ ತರ್ತಾಳೆ, ನಾನು ಇಲ್ಲಿಂದ ಲೆಕ್ಕ ಹಾಕಿ ಕಳಿಸ್ತೀನಿ. ನಿಮ್ಮನೆ ಮಡಕೆ ಇದ್ದಿಲು ಸುಟ್ಟೋಳೂ ನಾನೇ."

ಹಾಲಮ್ಮ ಒಂದು ಮಣೆ ತಂದು ಇಟ್ಟಳು. ನಾನು ಕೂರಲಿಲ್ಲ. ಹೊಳೆಯ ಬಣ್ಣ ಹಾಗಾದರೆ ಯಾರದು ಎಂದು ಕೇಳಿದೆ.

"ನಂದೇ. ಮೂರು ದಿನ ಮಿಂದ ನೀರನ್ನ ಹಂಡೇಲಿ ಹಿಡಿದಿಟ್ಟಿದ್ವಿ. ಬೆಳಿಗ್ಗೆ ಯಾರೂ ಬರೋದಕ್ಕೆ ಮುಂಚೆ ಹೊಳೆಗೆ ಹೊಯ್ದಿದ್ದು." ಜರಡಿಯ ಅಂಚನ್ನು ಒರೆಸಿದಳು. "ಹೊಯ್ದಿದ್ದು ನಾನಲ್ಲ. ನಾನಾಗ್ಲೇ ಇಲ್ಲಿದ್ದೆ. ಹೊಯ್ದಿದ್ದು ಅವ್ವ."

ನಾನು ಆಗ ಕೂತೆ. ಮಣೆಯ ಮೇಲಲ್ಲ, ಇದ್ದಿಲಿನ ಮೇಲೆ. ನನ್ನ ಕೈಯಲ್ಲಿ ಹದಿನಾಲ್ಕು ವರ್ಷದ ಹಿಂದಿನ ಆ ಸೊಂಟ ಇನ್ನೂ ಇತ್ತು, ಬಿಡಿಸಿಕೊಳ್ಳಲು ಅವ್ವ ಒದ್ದಾಡುತ್ತಿದ್ದಳು. ನಾನು ಬೇಡ ಅವ್ವ, ಬೇಡ ಎಂದು ಅಳುತ್ತಿದ್ದೆ. ಎಲ್ಲವನ್ನೂ ಮಾಡಿ ಮುಗಿಸಿ ಬಂದು ಅವ್ವ ಅಳುತ್ತಿದ್ದಳು. ಪ್ರತಿ ಅಮಾವಾಸ್ಯೆ ಬೇರೆ ಯಾರನ್ನೂ ಕಳಿಸದೆ ತಾನೇ ಹಾಲಮ್ಮನ ಮನೆಗೆ ಇದ್ದಿಲು ತರಲು ಹೋಗುತ್ತಿದ್ದಳು. ಮಂಡಿನೋವು ಬಂದ ಮೇಲೂ ಹೋಗುತ್ತಿದ್ದಳು. ನಾನು ಬೈಯುತ್ತಿದ್ದೆ.

"ನನಗೆ ಒಂದು ಮಾತು ಹೇಳಬಹುದಿತ್ತು" ಎಂದೆ.

"ನಿನಗೆ ಹೇಳಿದ್ರೆ ಏನಾಗ್ತಿತ್ತು?" ಎಂದಳು ಕುಮುದ. ದನಿ ಏರಿಸಲಿಲ್ಲ. "ನಿನ್ನ ಭಾವನ ಹೆಂಡತಿ, ದಾಕ್ಷಾಯಣಕ್ಕ, ಅವಳೂ ನಿನಗೆ ಹೇಳಿದ್ಲು. ನಾನು ಆ ಬೇಸಿಗೇಲಿ ನಿಮ್ಮನೇಲಿದ್ದೆ. ಬಚ್ಚಲಲ್ಲಿ ಅವಳ ಬೆನ್ನಿಗೆ ನೀನು ಎಣ್ಣೆ ಹಚ್ತಿದ್ದೆ, ಬರೆ ಮ್ಯಾಲೆ ಬರೆ. ಅವಳು ತನ್ನನ್ನ ತವರಿಗೆ ಕಳಿಸೋಕೆ ಹೇಳು ಅಂತ ನಿನ್ನ ಕೈ ಹಿಡ್ಕೊಂಡ್ಲು. ಮನೆ ಅಂದಮ್ಯಾಲೆ ಇರ್ತದೆ, ಹೊಂದ್ಕೊಂಡು ಹೋಗಕ್ಕ ಅಂದೆ ನೀನು. ನಾನು ಬಾಗಿಲ ಹಿಂದೆ ಟವಲು ಹಿಡ್ಕೊಂಡು ನಿಂತಿದ್ದೆ. ಅವಳು ಸತ್ತ ವರ್ಷಕ್ಕೆ ಅದೇ ಮನುಷ್ಯನಿಗೆ ನನ್ನ ಕೊಡೋ ಮಾತು ತಂದೋಳೂ ನೀನೇ. ನಮ್ಮಪ್ಪನ ಒಪ್ಪಿಸಿದೋಳೂ ನೀನೇ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ತಂಗಿ ಅದೇ ಮನೆಗೆ ಬಂದರೆ ನನಗೊಂದು ಆಸರೆ ಎಂದು ನಾನು ಆಗ ಯೋಚಿಸಿದ್ದೆ. ನಾನು ನೋಡಿದ್ದು ಯಾರಿಗೂ ಗೊತ್ತಿಲ್ಲ ಎಂದೇ ಇಷ್ಟು ವರ್ಷ ಬದುಕಿದ್ದೆ. ಆಮೇಲೆ ಆಮೇಲೆ ನನಗೂ ಗೊತ್ತಿಲ್ಲವೆಂಬಂತೆ ಆಗಿಹೋಗಿತ್ತು.

"ಬೇರೆ ಊರಿಗಾದ್ರೂ ಹೋಗಬಹುದಿತ್ತಲ್ಲ" ಎಂದೆ.

"ಅವ್ವ ಇಲ್ಲಿದ್ಲು. ಆಮೇಲೆ ಅತ್ತೆ ಇದ್ಲು, ಕೆಲಸ ಇತ್ತು. ನನ್ನ ಬಣ್ಣ ನಾನೇ ತೆಗೆಯೋದು ಕಲೀದಿದ್ರೆ ಇಲ್ಲಿ ಒಂದು ವಾರ ಇರೋಕೆ ಆಗ್ತಿರಲಿಲ್ಲ. ಕಲಿತೆ."

ಹಾಲಮ್ಮ ಆಗ ಬಾಯಿಬಿಟ್ಟಳು. ಹೋದ ಮಳೆಗಾಲದಲ್ಲಿ ಅವರ ತೊಟ್ಟಿಯ ಕೆಳಗೋಡೆ ಬಿರುಕು ಬಿಟ್ಟಿತ್ತು. ಬಿಚ್ಚಿ ಕಟ್ಟಲು ತಿಂಗಳು ಬೇಕು. ಇವತ್ತಿನಿಂದ ಕುಮುದ ಮೈಗೆ ನೀರೇ ಮುಟ್ಟಿಸದಿದ್ದರೂ ಜೇಡಿಯೊಳಗೆ ಸೇರಿದ್ದು ಇನ್ನೂ ಎಷ್ಟೋ ದಿನ ಇಳಿಯುತ್ತದೆ. ಮನೆ ಕಟ್ಟುವ ಪರವಾನಗಿಗೆ ನಾವು ಅರ್ಜಿ ಹಾಕಿದ್ದೆವು, ನೆಲದ ನೀರು ಪರೀಕ್ಷಿಸಲು ಪರಶುರಾಮಪ್ಪ ಗುರುವಾರ ಬರುವವರಿದ್ದರು. ಗುಂಡಿ ಮುಚ್ಚಿದರೆ ಅವರೇ ಸಲಾಕೆ ಹಾಕಿ ತೋಡಿಸುತ್ತಾರೆ. ಪುಸ್ತಕದಲ್ಲಿ ಹೊಡೆದುಹಾಕಿದ ಬಣ್ಣ ಯಾರ ಮನೆಯಲ್ಲಿ ಸಿಕ್ಕಿತೋ ಆ ಮನೆಯ ನಲ್ಲಿಗೆ ಸೀಲು. ಆ ಬಣ್ಣದವರು ಊರಿನ ಗಡಿಯಾಚೆ. ಸತ್ತವರನ್ನು ಮತ್ತೆ ಬರೆದುಕೊಳ್ಳಲು ನಮ್ಮೂರಿನ ಪುಸ್ತಕದಲ್ಲಿ ಜಾಗ ಇಲ್ಲ.

"ನಾನೇನು ಮಾಡ್ಲಿ ಹೇಳು" ಎಂದೆ.

"ಸೈಟು ನಿಂದು" ಎಂದಳು ಕುಮುದ. ಜರಡಿ ಆಡಿಸತೊಡಗಿದಳು.

ಸಂಜೆ ಗಂಡ ಶಾಲೆಯಿಂದ ಬಂದು ಕೋಲಿನ ಲೆಕ್ಕ ಕೇಳಿದರು. ಪಡಸಾಲೆಯಲ್ಲಿ ಭಾವ ಎಡಗೈಯಲ್ಲಿ ಚಹದ ಬಸಿ ಹಿಡಿದು ಕೂತಿದ್ದರು. ನಾನು ಗಂಡನನ್ನು ಅಡುಗೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ. ಗುಂಡಿಯಿಂದ ಶುರುಮಾಡಿ ದಾಕ್ಷಾಯಣಕ್ಕನ ಬೆನ್ನಿನವರೆಗೆ. ಅವರು ಒರಳಿನ ಮೇಲೆ ಕೂತು ಕೇಳಿದರು. ಕುಮುದ ಬದುಕಿದ್ದಾಳೆ ಎಂದಾಗ ಅವರ ಮುಖದ ರಕ್ತ ಇಳಿದುಹೋಯಿತು. ಬೆನ್ನಿನ ಮಾತು ಬಂದಾಗ ಮಾತ್ರ ತಲೆ ತಗ್ಗಿಸಿದರು. ಅದು ಹೊಸ ಸುದ್ದಿ ಕೇಳಿದವರ ತಲೆಯಲ್ಲ.

"ನಿಮಗೂ ಗೊತ್ತಿತ್ತಾ?" ಎಂದೆ.

"ಗೋಡೆ ಒಂದೇ ಅಲ್ವೇನೆ. ಕೇಳ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀನೂ ಸುಮ್ಮನಿದ್ದೆಯಲ್ಲ. ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಗೊತ್ತಾಗೋದು ಬೇಡ ಅಂತ ನಾನೂ ಹೇಳಲಿಲ್ಲ."

ಇಪ್ಪತ್ತೈದು ವರ್ಷ ತಟ್ಟೆಯ ಪಕ್ಕ ತಟ್ಟೆ ಇಟ್ಟು ಉಂಡವರು ನಾವು. ಒಬ್ಬರಿಂದ ಒಬ್ಬರು ಒಂದೇ ವಿಷಯವನ್ನು ಬಚ್ಚಿಟ್ಟಿದ್ದೆವು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಎದುರಿಗೆ ಕಾಲು ಮಡಚಿ ಕೂತು, ಭಾವ ಹೊಸ ಮನೆಗೆ ಬರುವುದು ಬೇಡ ಎಂದೆ. ಹಳೆಯ ಮನೆಯಲ್ಲೇ ಇರಲಿ, ನೋಡಿಕೊಳ್ಳಲು ಒಬ್ಬ ಆಳು ಇಡೋಣ, ನೀವು ದಿನಾ ಹೋಗಿಬನ್ನಿ, ಊಟ ನಾನೇ ಮಾಡಿ ಕಳಿಸುತ್ತೇನೆ. ಆದರೆ ಅವಳು ಇರುವ ಕಡೆಗೆ ಅವರನ್ನು ಎತ್ತಿಕೊಂಡು ಹೋಗುವ ಕೆಲಸ ನನ್ನಿಂದ ಆಗುವುದಿಲ್ಲ.

"ಕೈ ಬಿದ್ದುಹೋದ ಮನುಷ್ಯ ಕಣೆ."

"ಗೊತ್ತು. ಅದಕ್ಕೇ ಊಟ ಕಳಿಸ್ತೀನಿ ಅಂದೆ."

ಅವರು ಎದ್ದು ಹೋಗಿ ಚೌಕದ ಹಾಳೆ ತಂದರು. ಹಿಂದಿನ ಕೋಣೆಯ ಗೆರೆಗಳನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ತೆಗೆದರು. ಹಾಳೆ ಅಲ್ಲಿ ತೆಳುವಾಯಿತು. ಅದರ ಜೊತೆಗೆ ನೀರಿನ ಕಚೇರಿಯ ನಿಯಮದ ಪುಸ್ತಕವನ್ನೂ ತಂದಿದ್ದರು. ಪುಟ ತಿರುವುತ್ತ ಒಂದು ಕಡೆ ಬೆರಳಿಟ್ಟರು. ಎರಡು ಮನೆಗಳು ಒಂದೇ ತೊಟ್ಟಿಗೆ ಸೇರಿದಲ್ಲಿ ಅವನ್ನು ಒಂದೇ ಮನೆಯೆಂದು ಗಣಿಸತಕ್ಕದ್ದು. ಅಣ್ಣತಮ್ಮಂದಿರು ಪಾಲಾದಾಗ ಹಿತ್ತಲು ಒಡೆಯಬಾರದೆಂದು ಮಾಡಿದ ನಿಯಮ. ಹಾಗೆ ಸೇರಿದ ನೀರನ್ನು ಒಟ್ಟಾಗಿಯೇ ನೋಡತಕ್ಕದ್ದು ಎಂದೂ ಇತ್ತು.

"ಸೇರಿಸಿದ್ರೆ ಬಿಡಿಸೋಕಾಗಲ್ಲ" ಎಂದರು. "ಮುಂದೆ ಯಾವತ್ತಾದ್ರೂ ಸಿಕ್ಕಿದ್ರೆ ಸೀಲು ಅವರ ನಲ್ಲಿಗೆ ಮಾತ್ರ ಅಲ್ಲ, ನಮ್ಮದಕ್ಕೂ."

"ಸೇರಿಸ್ರಿ" ಎಂದೆ.

ಮಂಗಳವಾರ, ಬುಧವಾರ ಈರಣ್ಣ ಮತ್ತವನ ಹೆಂಡತಿ ನಮ್ಮ ಸೈಟಿನ ಮೇಲಂಚಿನಲ್ಲಿ ದೊಡ್ಡ ಗುಂಡಿ ತೋಡಿದರು. ಹಾಲಮ್ಮನ ತೊಟ್ಟಿಯ ಕೆಳಗೋಡೆಗೆ ತೂತು ಮಾಡಿ ಕೊಳವೆ ಇಟ್ಟರು. ಎಷ್ಟು ಓರೆ, ಎಷ್ಟು ಆಳ, ಎಲ್ಲಿ ಜಲ್ಲಿ ದಪ್ಪ, ಎಲ್ಲಿ ಸಣ್ಣ ಎಂಬುದೆಲ್ಲ ಹಾಲಮ್ಮನ ಬಾಯಲ್ಲಿ ಬರುತ್ತಿತ್ತು. ಅವಳು ಪ್ರತಿ ಪ್ರಶ್ನೆಗೂ ಒಮ್ಮೆ ಕಾಂಪೌಂಡಿನೊಳಗೆ ಹೋಗಿ ಬರುತ್ತಿದ್ದಳು. ನನ್ನ ಗಂಡ ಅಳತೆಯ ಚೀಟಿಯನ್ನು ಓದಿ, ಈ ಲೆಕ್ಕ ಹಾಕಿದವರಿಗೆ ನಾನು ಪಾಠ ಮಾಡಬೇಕಾಗಿಲ್ಲ ಎಂದರು. ಬುಧವಾರ ಮಧ್ಯಾಹ್ನದಿಂದ ಗುರುವಾರ ಬೆಳಗಿನವರೆಗೆ ನಾನು ನಾಲ್ಕು ಸಲ ಮಿಂದೆ, ಅವರು ಮೂರು ಸಲ ಮಿಂದರು. ಆ ನೀರನ್ನು ಹಳೆಯ ಮನೆಯಿಂದ ಕೈಗಾಡಿಯ ಮೇಲೆ ಮುಚ್ಚಿದ ಡ್ರಮ್ಮಿನಲ್ಲಿ ತಂದು ಗುಂಡಿಗೆ ಸುರಿದೆವು. ಹಾಲಮ್ಮ ತಾನು ಮಿಂದ ಗೋರಂಟಿಯಂಥ ಕಂದು ನೀರನ್ನು ಮೇಲಿಂದ ಬಿಟ್ಟಳು. ಗುಂಡಿಯೊಳಗೆ ಮೊದಲು ಪಟ್ಟೆ ಪಟ್ಟೆಯಾಗಿ ಕಂಡದ್ದು ಮೆಲ್ಲಗೆ ಕದಡಿ, ಹೆಸರಿಡಲಾಗದ ಒಂದು ಬಣ್ಣವಾಯಿತು. ಆದರೂ ಬೆಳಕು ಓರೆಯಾಗಿ ಬಿದ್ದಾಗ ಅದರೊಳಗಿಂದ ಬಸಳೆ ಹಣ್ಣು ನನ್ನನ್ನೇ ನೋಡುತ್ತಿತ್ತು.

ಪರಶುರಾಮಪ್ಪ ಹತ್ತು ಗಂಟೆಗೆ ಬಂದರು. ನಿವೃತ್ತಿಗೆ ಹತ್ತಿರವಾದವರು, ಕನ್ನಡಕ ದಾರದಲ್ಲಿ ಕೊರಳಿಗೆ ನೇತುಬಿದ್ದಿತ್ತು. ಎರಡು ಮನೆಯ ತೊಟ್ಟಿ ಸೇರಿಸಿದ್ದಕ್ಕೆ ನಾವು ಬರೆದಿಟ್ಟಿದ್ದ ಒಪ್ಪಂದದ ಕಾಗದ ಓದಿದರು. ಬಿಳಿ ಬಟ್ಟಲು ತೆಗೆದು, ಬಗ್ಗಿ, ಗುಂಡಿಯ ನೀರು ಮೊಗೆದು ಬಿಸಿಲಿಗೆ ಹಿಡಿದರು. ಒಂದು ಸಲ ಹಿಡಿದರು, ಚೆಲ್ಲಿದರು, ಇನ್ನೊಂದು ಸಲ ಮೊಗೆದರು.

"ಇದರಾಗೆ ಎಷ್ಟು ಜನ ಇದೀರಿ?" ಎಂದರು.

"ಮನೆಯವರೆಲ್ಲ" ಎಂದೆ.

"ಈ ಕೆಂಪು ನಾನು ಎಲ್ಲೋ ನೋಡಿದೀನಿ ತಾಯಿ. ಹೊಳೆ ಹತ್ರ."

ಗಂಡ ಕೆಮ್ಮಿದರು. ಹಾಲಮ್ಮ ಕಾಂಪೌಂಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನಾನು ಪರಶುರಾಮಪ್ಪನವರ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಬೇಕೆಂದರೂ ಆಗಲಿಲ್ಲ. "ಅದು ನಮ್ಮನೇದೇ" ಎಂದೆ. "ಅವತ್ತು ನಾವು ಅದನ್ನ ಹೋಗೋಕೆ ಬಿಟ್ಟಿದ್ವಿ. ಇನ್ನು ಬಿಡಲ್ಲ."

ಅವರು ನನ್ನನ್ನು ನೋಡಿದರು, ಕಾಂಪೌಂಡನ್ನು ನೋಡಿದರು. ಬಟ್ಟಲಿನ ನೀರನ್ನು ಗುಂಡಿಗೇ ಮರಳಿ ಹೊಯ್ದು, ಬಟ್ಟೆಯಿಂದ ಬಟ್ಟಲನ್ನು ನಿಧಾನವಾಗಿ ಒರೆಸಿದರು. "ಬೆರೆತ ನೀರನ್ನ ಬಿಡಿಸಿ ಓದೋ ನಿಯಮ ನಮ್ಮಲ್ಲಿಲ್ಲ" ಎಂದು ಹೇಳಿ, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಪರವಾನಗಿ ಬರೆದರು. ಹೋಗುವಾಗ ಚಹಕ್ಕೂ ನಿಲ್ಲಲಿಲ್ಲ.

ಹೊಸ ಮನೆಗೆ ಬರುವುದು ಬೇಡವೆಂದು ಭಾವನವರಿಗೆ ನಾನೇ ಹೇಳಿದೆ. ಯಾಕೆ ಎಂದು ಕೇಳಿದರು. ದಾಕ್ಷಾಯಣಕ್ಕನ ಹೆಸರು ಹೇಳಿದೆ, ಇನ್ನೇನೂ ಹೇಳಲಿಲ್ಲ. ಅವರ ಬಾಯಿಯ ಒಂದು ಬದಿ ಮೊದಲೇ ಜೋತಿತ್ತು, ಇನ್ನೊಂದು ಬದಿಯೂ ಅಲುಗಲಿಲ್ಲ. ಬಸಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿದರು. ಗಂಡ ಈಗಲೂ ದಿನಕ್ಕೆರಡು ಸಲ ಬುತ್ತಿ ಒಯ್ಯುತ್ತಾರೆ. ನಾನು ಅತ್ತ ಹೋಗುವುದಿಲ್ಲ.

ಮನೆ ಎದ್ದು ನಿಲ್ಲಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಕುಮುದ ಒಮ್ಮೆಯೂ ಈಚೆ ಬರಲಿಲ್ಲ. ನಾನು ಹೋದಾಗೆಲ್ಲ ಅವಳಿಗೆ ಕೆಲಸ ಇರುತ್ತಿತ್ತು. ಒಮ್ಮೆ ಕ್ಷಮಿಸು ಎಂದು ಬಾಯಿ ತೆರೆದೆ. "ಆ ಮಾತು ನನಗಲ್ಲ, ಹೇಳಬೇಕಾದವಳು ಸತ್ತುಹೋದಳು" ಎಂದಳು. ಆಮೇಲೆ ನಾನು ಕೇಳಲಿಲ್ಲ. ಅವಳು ಜರಡಿ ಹಿಡಿಯುವಳು, ನಾನು ಪಕ್ಕದಲ್ಲಿ ಕೂತು ಜಲ್ಲಿಯಲ್ಲಿ ಸಣ್ಣದು ದೊಡ್ಡದು ಆರಿಸುವೆನು. ಮಾತಿಲ್ಲದೆಯೇ ಎಷ್ಟೋ ಮಧ್ಯಾಹ್ನ ಕಳೆದವು.

ನಾವು ಹೊಸ ಮನೆಗೆ ಬಂದ ಐದನೆಯ ದಿನ, ಮಧ್ಯಾಹ್ನ ಹಿತ್ತಲಿನಲ್ಲಿ ಸದ್ದಾಯಿತು. ನೋಡಿದರೆ ಕುಮುದ ತೊಟ್ಟಿಯ ಕೊನೆಯ ಖಾನೆಯ ಮುಚ್ಚಳ ಸರಿಸಿ ಒಳಗೆ ಕೈ ಹಾಕಿದ್ದಳು. ಇದ್ದಿಲು ತೆಗೆದು ಮುರಿದು ನೋಡಿದಳು. ಪಾತಿಯ ಕೆಸದ ಎಲೆ ಮಗುಚಿ ನೋಡಿದಳು. ಕೊನೆಗೆ ಅಡುಗೆಮನೆಯ ಕುಡಿಯುವ ನೀರಿನ ಮಡಕೆಗಳ ಹತ್ತಿರ ಬಂದು, ಕೆಳಗಿನದರಿಂದ ಒಂದು ಲೋಟ ಹಿಡಿದು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನಿಂತಳು. ನಾನು ಬಾಗಿಲಲ್ಲೇ ನಿಂತೆ.

"ಇದ್ದಿಲು ಇನ್ನೂ ಸರಿಯಾಗಿ ತೊಳೆದಿಲ್ಲ" ಎಂದಳು. "ಇನ್ನೆರಡು ದಿನ ಇದನ್ನ ಕುಡೀಬೇಡ. ಭಾವನಿಗೂ ಕೊಡಬೇಡ, ಮೇಷ್ಟ್ರಿಗೆ." ನನ್ನ ಗಂಡನನ್ನು ಅವಳು ಚಿಕ್ಕವಳಿದ್ದಾಗ ಕರೆಯುತ್ತಿದ್ದುದು ಭಾವ ಎಂದೇ. ಅದು ಬಾಯಿಗೆ ಬಂದುಬಿಟ್ಟಿತ್ತೋ, ಬೇಕೆಂದೇ ಅಂದಳೋ ತಿಳಿಯಲಿಲ್ಲ.

ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೂತಳು. ನಾನು ತಂಬಿಗೆಯಲ್ಲಿ ನೀರು ಹೊಯ್ದೆ. ಅವಳು ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದಳು. ಮೊದಲು ಬರೀ ಕಪ್ಪು ಇಳಿಯಿತು. ಕಪ್ಪು ಹೋದ ಮೇಲೆ ಬಣ್ಣ ಬಂತು, ಕಲ್ಲಿನ ಮೇಲೆ ತೆಳ್ಳಗೆ ಹರಡಿ, ಮೋರಿ ಬಿಟ್ಟು ಬಯಲ ಕಡೆ ಹೊರಟಿತು. ಕುಮುದ ತಟ್ಟನೆ ಕಾಲು ಚಾಚಿ ಅಂಗಾಲಿನಿಂದ ಅದಕ್ಕೆ ಕಟ್ಟೆ ಕಟ್ಟಿದಳು. ಹದಿನಾಲ್ಕು ವರ್ಷದ ಅಭ್ಯಾಸ, ಅವಳು ಯೋಚಿಸಿ ಮಾಡಿದ್ದಲ್ಲ. ನೀರು ಪಾದದ ಸುತ್ತ ನಿಂತು ಏರಿತು. ನಾನು ಹೊಯ್ಯುವುದನ್ನು ನಿಲ್ಲಿಸಿದೆ.

ಅವಳು ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಕಾಲು ತೆಗೆದಳು.

"ಹೊಯ್ಯಿ" ಎಂದಳು. "ಇನ್ನೊಂದು ಕೈ ಇದೆ."